ಬಿರುಕಿಗೆ ಪ್ಲಾಸ್ಟಿಕ್ ಪಟ್ಟಿ ಅಂಟಿಸಿದವರಿಗೆ

ಪಾಲಿಕೆ ಕಟ್ಟಡಗಳ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ಗಾಂಧಿ ಬಜಾರಿನ ಪಕ್ಕದ ಅಡ್ಡರಸ್ತೆಯಲ್ಲಿರುವ ನಿಮ್ಮ ತರಕಾರಿ ಮಳಿಗೆಯ ಮೋಲ್ಡ್ ಚಾವಣಿ ಬಿರುಕು ಬಿಟ್ಟಿದೆ. ಅದರ ಕೆಳಗೆ ನನ್ನ ತಾಯಿ ಲಕ್ಕಮ್ಮ ಸೊಪ್ಪು ಮಾರುತ್ತಾರೆ. ಆ ಬಿರುಕಿನ ವಿಚಾರದಲ್ಲಿ ತಾವು ತೋರಿದ ಜಾಣ್ಮೆಯನ್ನು ಊರಿಗೆಲ್ಲ ತಿಳಿಸದಿದ್ದರೆ ನನಗೆ ಸಮಾಧಾನವಿಲ್ಲ.

ಮಳೆಗಾಲಕ್ಕೆ ಮುಂಚೆ ನಿಮ್ಮ ಕಚೇರಿಯ ಎಂಜಿನಿಯರ್ ನಾಗಭೂಷಣ್ ಬಂದು, ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯೊಂದನ್ನು ಅಂಟಿಸಿದರು. "ಅಮ್ಮಾ, ಈ ಗಾಜು ಒಡೆದ್ರೆ ಬಿರುಕು ಇನ್ನೂ ಬೆಳೀತಿದೆ ಅಂತ ಅರ್ಥ. ತಕ್ಷಣ ಫೋನ್ ಮಾಡಿ" ಎಂದರು. ಅಂದಿನಿಂದ ತಾಯಿಗೆ ಅದರ ಕಾವಲೇ ಕೆಲಸ. ಪಕ್ಕದ ಹೂವಿನ ಪಿಳ್ಳಮ್ಮ ಸ್ಟೂಲ್ ಹತ್ತಿ ಗಾಜಿಗೆ ಕುಂಕುಮ ಇಡಲು ಹೋಗಿ ಬೈಸಿಕೊಂಡಿದ್ದೂ ಉಂಟು.

ಮೊದಲ ಜೋರು ಮಳೆಗೆ ಗಾಜು ಒಡೆಯಿತು. ಫೋನ್ ಮಾಡಿದೆವು. ಆಗ ಖುದ್ದಾಗಿ ದಯಮಾಡಿಸಿದವರು ತಾವು. ಕತ್ತೆತ್ತಿ ನೋಡಿ, "ಗಾಜು ಅಂದ್ಮೇಲೆ ಒಡೆಯುತ್ತೆ. ಜನ ಸುಮ್ನೆ ಹೆದರ್ಕೋತಾರೆ. ಒಡೀದೇ ಇರೋದು ಏನಾದ್ರೂ ಹಾಕಿ" ಎಂದಿರಿ. ಮರುದಿನವೇ ಅಲ್ಲಿ ಪ್ಲಾಸ್ಟಿಕ್ ಪಟ್ಟಿ ಬಂತು. ಸುತ್ತಲಿನ ಗಾರೆ ಉದುರಿ ತುಕ್ಕು ಹಿಡಿದ ಕಂಬಿ ಕಾಣುತ್ತಿದೆ, ಪಟ್ಟಿ ಮಾತ್ರ ಗಟ್ಟಿಮುಟ್ಟಾಗಿದೆ. ಜ್ವರ ಇಳಿಯಲಿಲ್ಲವೆಂದು ಥರ್ಮಾಮೀಟರ್ ಬದಲಿಸುವ ವೈದ್ಯರನ್ನು ನಾನು ಕಂಡಿರಲಿಲ್ಲ. ಕಟ್ಟಡಗಳ ಪುಣ್ಯ, ಅವಕ್ಕೆ ತಾವಿದ್ದೀರಿ.

ದುರಸ್ತಿಯೂ ಆಯಿತೆನ್ನಿ. ತಾರಸಿಯಲ್ಲಿ ಮಳೆನೀರು ಹೋಗುವ ಕಿಂಡಿಗೆ ಕಸ ಕಟ್ಟಿಕೊಂಡು ನೀರು ನಿಲ್ಲುತ್ತಿತ್ತು. ಕಸ ತೆಗೆಸುವುದು ಬಿಟ್ಟು, ನೀರು ನಿಂತಲ್ಲೆಲ್ಲ ದಪ್ಪಗೆ ಸಿಮೆಂಟ್ ಮೆತ್ತಿಸಿದಿರಿ. ಮೊದಲೇ ಸೋತ ಚಾವಣಿಯ ಮೇಲೆ ಇನ್ನಷ್ಟು ಭಾರ! ಇದು ಯಾವ ಶಾಲೆಯಲ್ಲಿ ಕಲಿತ ವಿದ್ಯೆ ಸ್ವಾಮಿ?

ಕಳೆದ ವಾರ ಊಟದ ತಟ್ಟೆಯಷ್ಟು ಅಗಲದ ಗಾರೆ ಚಕ್ಕೆ ತಾಯಿ ಕೂರುವ ಮಣೆಯ ಮೇಲೆಯೇ ಬಿತ್ತು. ಅವರು ಆಗಷ್ಟೇ ಕಾಫಿಗೆ ಎದ್ದಿದ್ದರು. ಬೇರೆ ಕಡೆ ಕೂತುಕೋ ಎಂದು ಕೈಮುಗಿದು ಬೇಡಿಕೊಂಡೆ. "ಎದ್ರೆ ಜಾಗ ಹೋಯ್ತದೆ ಕಣೆ, ಇನ್ಯಾರೋ ಬಂದು ಕೂತ್ಬಿಡ್ತಾರೆ" ಎಂದು ಚಕ್ಕೆ ಗುಡಿಸಿ ಮತ್ತೆ ಅಲ್ಲೇ ಕೂತರು. ನನಗೀಗ ಸಿಟ್ಟಿಗಿಂತ ಭಯವೇ ಜಾಸ್ತಿ.

ಇಂದೇ ಆ ಚಾವಣಿಗೆ ಕೆಳಗಿನಿಂದ ಆಸರೆ ಕೊಡಿಸಿ. ಮೆತ್ತಿದ್ದನ್ನೆಲ್ಲ ಕೀಳಿಸಿ, ಕಂಬಿಯವರೆಗೂ ಬಿಚ್ಚಿ ನೋಡಿ, ಆಮೇಲೆ ದುರಸ್ತಿ ಮಾಡಿಸಿ. ಅಲ್ಲಿಯವರೆಗೆ ಕೆಳಗೆ ಕೂರುವ ಹೆಂಗಸರಿಗೆ ರಸ್ತೆಯಂಚಿನಲ್ಲಿ ಜಾಗ ಕೊಟ್ಟು, ಕೆಲಸ ಮುಗಿದ ಮೇಲೆ ಹಳೆಯ ಜಾಗ ಅವರದೇ ಎಂದು ಎಲ್ಲರೆದುರು ಹೇಳಿ. ನಾನು ಏಳೆಂದರೆ ನನ್ನ ತಾಯಿ ಏಳುವುದಿಲ್ಲ. ನೀವು ಹೇಳಿದರೆ ಏಳುತ್ತಾರೆ.

ಇಂತಿ,
ಮೋಡ ಕವಿದಾಗಲೆಲ್ಲ ಅಮ್ಮನಿಗೆ ಫೋನ್ ಹಚ್ಚುವ
ಬಿಂದುಶ್ರೀ, ಬಸವನಗುಡಿ