ನಲವತ್ತಮೂರು ಲೆಕ್ಕಗಳೂ ಸರಿ

ಇಗೋಮಾ, ಮ್ವಾಂಜಾ
ಸೆಪ್ಟೆಂಬರ್ 8, ಭಾನುವಾರ

ನನ್ನ ಮಗಳು ಮಿಲೆಂಬೆಗೆ,

ಹೇಗಿದ್ದೀಯ? ಸರೋವರದ ಗಾಳಿಗೆ ಕೆಮ್ಮು ಹೆಚ್ಚಾಗಿಲ್ಲ ತಾನೆ? ದ್ವೀಪದ ಬಿಸಿಲಲ್ಲಿ ಮೀನು ಹರಡುವಾಗ ತಲೆಗೊಂದು ಬಟ್ಟೆ ಕಟ್ಟಿಕೋ. ನಿನ್ನ ಸೋದರತ್ತೆ ನ್ಯಾಮಿಜಿಯ ಮಂಡಿನೋವು ಹೇಗಿದೆ? ಅವಳು ಮಾತ್ರೆ ನುಂಗದೆಯೇ ನುಂಗಿದೆ ಅನ್ನುವವಳು, ಚಿಕ್ಕಂದಿನಿಂದ ನೋಡಿದ್ದೇನೆ. ಎದುರಿಗೆ ನಿಂತು ನುಂಗಿಸು. ಇಲ್ಲಿ ಅಮ್ಮ ಚೆನ್ನಾಗಿದ್ದಾಳೆ. ಅವಳು ಒಣಗಿಸಿದ ಗೆಣಸಿನ ಚೀಲ ಈ ಕಾಗದದ ಜೊತೆಗೇ ಬರುತ್ತಿದೆ. ನನ್ನ ಬಿ.ಪಿ. ಕೊಂಚ ಏರಿದೆ, ಗಾಬರಿಯಾಗುವಂಥದ್ದೇನಲ್ಲ. ನನ್ನ ಫೋನನ್ನು ನೀನು ಎತ್ತುವುದಿಲ್ಲ. ಅಮ್ಮನ ಜೊತೆ ಮಾತಾಡುವಾಗ ನಾನು ಹತ್ತಿರ ಬಂದರೆ ಸಾಕು, ಕರೆ ಕಟ್ಟಾಗುತ್ತದೆ. ಅದು ನೆಟ್‌ವರ್ಕಿನ ದೋಷವಲ್ಲ ಅಂತ ತಿಳಿಯುವಷ್ಟು ನೆಟ್‌ವರ್ಕು ಈಗ ನನಗೂ ಬಂದಿದೆ. ಅದನ್ನೇ ಹೇಳಬೇಕಾಗಿತ್ತು, ಅದಕ್ಕೆ ಈ ಕಾಗದ.

ನೀನು ದೋಣಿ ಹತ್ತಿ ಹೋದ ಮೂರನೆಯ ವಾರ ಅಮ್ಮ ಒಲೆ ಹಚ್ಚಲು ಹಳೆಯ ಕಾಗದ ಕೇಳಿದಳು. ಕಪಾಟಿನಲ್ಲಿ ನಿನ್ನ ನೀಲಿ ರಟ್ಟಿನ ನೋಟ್‌ಬುಕ್ ಸಿಕ್ಕಿತು. ಹರಿಯುವ ಮೊದಲು ತೆರೆದು ನೋಡಿದೆ. ಪುಟದ ತುಂಬ ಒಂದು ಮತ್ತು ಸೊನ್ನೆ, ಸಾಲು ಸಾಲಾಗಿ, ಎಂಟೆಂಟರಂತೆ. ನಿಜ ಹೇಳುತ್ತೇನೆ, ನೀನು ಎಲ್ಲಿ ತಪ್ಪಿದ್ದೀಯ ಅಂತ ಹುಡುಕುವುದಕ್ಕೇ ಕೂತೆ. ಮೂವತ್ತೆಂಟು ವರ್ಷ ಅದೇ ಕೆಲಸ ಮಾಡಿದವನಲ್ಲವೇ ನಾನು? ಮಧ್ಯಾಹ್ನವೆಲ್ಲ ಕೂತರೂ ತಲೆಬುಡ ತಿಳಿಯಲಿಲ್ಲ. ಒಳಗೊಳಗೇ ಸಿಟ್ಟು ಬಂತು. ಮರುದಿನ ಷರ್ಟು ಇಸ್ತ್ರಿ ಮಾಡಿಸಿಕೊಂಡು ನೇರ ಬಸ್‌ ನಿಲ್ದಾಣದ ಹಿಂದಿನ ನಿನ್ನ ಕಂಪ್ಯೂಟರ್ ನೆಟ್‌ವರ್ಕ್ ತರಗತಿಗೆ ಹೋದೆ.

ನಿಮಗೆ ಪಾಠ ಹೇಳುವ ಬ್ವೀರೆ ಒಂದು ಕಾಲದಲ್ಲಿ ನನ್ನ ಶಾಲೆಯ ಹುಡುಗ ಅಂತ ನೀನು ಹೇಳಿಯೇ ಇರಲಿಲ್ಲ! ನನ್ನನ್ನು ಬಾಗಿಲಲ್ಲಿ ಕಂಡದ್ದೇ ಎದ್ದು ನಿಂತು, “ಬನ್ನಿ ಮೇಷ್ಟ್ರೇ, ಕೋಲು ತಂದಿಲ್ಲ ತಾನೆ?” ಅಂದ. ವಿದ್ಯಾರ್ಥಿಗಳೆಲ್ಲ ನಕ್ಕರು. ನನಗೂ ಈ ಲೆಕ್ಕ ಕಲಿಸಪ್ಪ ಅಂದೆ. ತಮಾಷೆ ಅಂದುಕೊಂಡ. ನಾನು ಹಿಂದಿನ ಬೆಂಚಿನಲ್ಲಿ ಹೋಗಿ ಕೂತ ಮೇಲೆ ಪಾಠ ಶುರು ಮಾಡಿದ.

ಐದು ವಾರ ಹೋದೆ. ನಿನಗೆ ಗೊತ್ತಿರುವುದನ್ನೇ ಒಪ್ಪಿಸುತ್ತೇನೆ, ಸರಿಯಾಗಿ ಕಲಿತಿದ್ದೇನೋ ನೋಡು. ಪ್ರತಿ ಯಂತ್ರಕ್ಕೂ ಸಂಖ್ಯೆಯಲ್ಲೊಂದು ವಿಳಾಸ. ಅದರ ಕೊನೆಯ ಭಾಗ ಸೊನ್ನೆಯಿಂದ ಇನ್ನೂರ ಐವತ್ತೈದರವರೆಗೆ ಏನಾದರೂ ಆಗಬಹುದು. ಆ ಇನ್ನೂರ ಐವತ್ತಾರು ಸಂಖ್ಯೆಗಳನ್ನು ಸಮನಾದ ಗುಂಪುಗಳಾಗಿ ಒಡೆದರೆ ಒಂದೊಂದೂ ಒಂದು ಸಬ್‌ನೆಟ್. ಗುಂಪಿನ ಮೊದಲ ಸಂಖ್ಯೆ ಗುಂಪಿನದೇ ಹೆಸರು, ಕೊನೆಯದು ಎಲ್ಲರನ್ನೂ ಒಟ್ಟಿಗೆ ಕೂಗುವುದಕ್ಕೆ. ಇವೆರಡನ್ನು ಯಾವ ಯಂತ್ರಕ್ಕೂ ಕೊಡುವಂತಿಲ್ಲ. ಯಂತ್ರದ ಸಂಖ್ಯೆ ಎಪ್ಪತ್ತೇಳು, ಗುಂಪು ಎಷ್ಟು ದೊಡ್ಡದು ಅಂತ ತಿಳಿಸುವ ಮಾಸ್ಕ್ ಇನ್ನೂರ ಇಪ್ಪತ್ತನಾಲ್ಕು, ಎಲ್ಲರನ್ನೂ ಕೂಗುವ ವಿಳಾಸ ಯಾವುದು? ಇನ್ನೂರ ಐವತ್ತಾರರಲ್ಲಿ ಇನ್ನೂರ ಇಪ್ಪತ್ತನಾಲ್ಕು ಕಳೆದರೆ ಮೂವತ್ತೆರಡು. ಮೂವತ್ತೆರಡರ ಮಗ್ಗಿ ಹೇಳು: ಮೂವತ್ತೆರಡು, ಅರವತ್ತನಾಲ್ಕು, ತೊಂಬತ್ತಾರು. ಎಪ್ಪತ್ತೇಳು ಕೊನೆಯ ಎರಡರ ನಡುವೆ ಬಿತ್ತು. ತೊಂಬತ್ತಾರಕ್ಕೆ ಒಂದು ಕಮ್ಮಿ, ತೊಂಬತ್ತೈದು. ಅರ್ಧ ನಿಮಿಷದ ಕೆಲಸ. ಮೊದಮೊದಲು ನನಗೆ ಅರ್ಧ ಗಂಟೆ ಹಿಡಿಯುತ್ತಿತ್ತು. ಜಗುಲಿಯಲ್ಲಿ ಫೋನು ಹಿಡಿದು ಹೊತ್ತು ಎಣಿಸುವ ನಿನ್ನ ಅಮ್ಮ, “ರಿಟೈರಾದ ಮೇಲೆ ಫೇಲಾಗೋ ಆಸೆ ಬಂತಾ ನಿಮಗೆ? ಉಗಾಲಿ ಮುದ್ದೆ ಆರಿ ಕಲ್ಲಾಯ್ತು, ಏಳಿ,” ಅನ್ನುತ್ತಿದ್ದಳು.

ಕಲಿತ ಮೇಲೆ ನಿನ್ನ ನೋಟ್‌ಬುಕ್ಕನ್ನು ಕೆಂಪು ಪೆನ್ನು ಹಿಡಿದು ತಿದ್ದಿದೆ. ನಲವತ್ತಮೂರು ಲೆಕ್ಕ. ನಲವತ್ತಮೂರೂ ಸರಿ, ಮಿಲೆಂಬೆ. ಒಂದೇ ಒಂದು ತಪ್ಪಿಲ್ಲ. ಆದರೆ ಅದೇ ಎಪ್ಪತ್ತೇಳರ ಲೆಕ್ಕಕ್ಕೆ ನೀನು ಎರಡು ಪುಟ ಬರೆದಿದ್ದೀಯ. ಎಂಟು ಗುಂಪುಗಳನ್ನೂ ಬಿಡಿಸಿ, ಪ್ರತಿಯೊಂದರ ಮೊದಲು ಕೊನೆ ಬರೆದು, ಕೆಳಗೆ ಗೆರೆ ಎಳೆದು ಉತ್ತರ. ಅಂಚಿನಲ್ಲಿ ನಿನ್ನದೇ ಕೈಬರಹ: ಹನ್ನೊಂದು ನಿಮಿಷ. ಇನ್ನೊಂದಕ್ಕೆ ಒಂಬತ್ತು.

ಬ್ವೀರೆಯನ್ನು ಕೇಳಿದೆ, ಎಲ್ಲ ಸರಿ ಮಾಡುವವಳು ಪರೀಕ್ಷೆಯಲ್ಲಿ ಎರಡು ಸಲ ಹೇಗೆ ಫೇಲಾದಳು ಅಂತ. ಅವನು ಹೇಳಿದ: “ಲೆಕ್ಕ ಬರದೆ ಅಲ್ಲ ಮೇಷ್ಟ್ರೇ, ಟೈಮು ಸಾಲದೆ. ಎರಡನೇ ಸಲ ಕೊನೇ ಹದಿನೇಳು ಪ್ರಶ್ನೇನ ಅವಳು ಕಣ್ಣಲ್ಲೂ ನೋಡಿಲ್ಲ. ಶಾರ್ಟ್‌ಕಟ್ ತೋರಿಸಿದ್ರೂ ಬೇಡ ಅಂತಾಳೆ. ಹೆಜ್ಜೆ ಬಿಟ್ರೆ ನಮ್ಮಪ್ಪ ಸೊನ್ನೆ ಕೊಡ್ತಾರೆ ಅಂತ ನಗ್ತಾಳೆ.”

ನಾನು ನಗಲಿಲ್ಲ. ಆಗ ನೀನು ನನ್ನದೇ ಶಾಲೆಯಲ್ಲಿ ನಾಲ್ಕನೇ ತರಗತಿಯಲ್ಲಿದ್ದೆ. ಭಾಗಾಕಾರದ ಲೆಕ್ಕಕ್ಕೆ ಬರೀ ಉತ್ತರ ಬರೆದು ತಂದೆ. ಸರಿ ಉತ್ತರ. “ಹೆಜ್ಜೆ ಎಲ್ಲಿ? ಯಾರದ್ದು ನೋಡಿ ಬರೆದೆ?” ಅಂತ ಇಡೀ ತರಗತಿಯ ಮುಂದೆ ನಿನ್ನ ಕೈಗೆ ಹೊಡೆದೆ. ಮನಸ್ಸಲ್ಲೇ ಮಾಡಿದೆ ಅಪ್ಪ ಅಂದೆ ನೀನು. ಅಪ್ಪ ಅಲ್ಲ, ಮೇಷ್ಟ್ರು ಅನ್ನು ಅಂತ ಇನ್ನೊಂದು ಏಟು. ಮಗಳಿಗೆ ಸಲುಗೆ ಕೊಟ್ಟ ಅಂತ ಯಾರೂ ಅನ್ನಬಾರದಲ್ಲ. ಅಂದಿನಿಂದ ನೀನು ಒಂದು ಹೆಜ್ಜೆಯನ್ನೂ ಬಿಡಲಿಲ್ಲ, ನಾನು ಬೀಗಿದೆ. ಜೂನ್‌ನಲ್ಲಿ ಚರ್ಚಿನವರು ಊಟಕ್ಕೆ ಬಂದಾಗ, “ಊರ ಮಕ್ಕಳಿಗೆಲ್ಲ ಲೆಕ್ಕ ಕಲಿಸಿದೆ, ನನ್ನ ಮನೇಲೇ ಲೆಕ್ಕ ಬರದವಳು ಹುಟ್ಟಿದಳು,” ಅಂದವನೂ ನಾನೇ. ನೀನು ಊಟ ಮುಗಿಸಿ, ತಟ್ಟೆ ತೊಳೆದಿಟ್ಟು, ಬೆಳಿಗ್ಗೆ ಹೊರಟುಹೋದೆ. ಲೆಕ್ಕ ಬರದವನು ನಾನು ಮಗಳೇ. ನಾನು ಕಲಿಸಿದ್ದನ್ನು ನೀನು ಚಾಚೂ ತಪ್ಪದೆ ಮಾಡಿದೆ, ಅದಕ್ಕೇ ಸೋತೆ. ನನ್ನನ್ನು ಕ್ಷಮಿಸು.

ಕಳೆದ ಶುಕ್ರವಾರ ಬ್ವೀರೆ ನನಗೆ ಹತ್ತು ಪ್ರಶ್ನೆ ಕೊಟ್ಟು ಹತ್ತು ನಿಮಿಷ ಅಂದ. ಒಂಬತ್ತು ಸರಿ ಬಂತು. ಒಂದರಲ್ಲಿ, ಎಲ್ಲರನ್ನೂ ಕೂಗುವ ಸಂಖ್ಯೆಯನ್ನೇ ಎತ್ತಿ ಒಂದು ಯಂತ್ರಕ್ಕೆ ಕೊಟ್ಟುಬಿಟ್ಟಿದ್ದೆ. “ಒಂದು ತಪ್ಪು! ಕೈ ಚಾಚಿ ಮೇಷ್ಟ್ರೇ,” ಅಂದ ಅವನು, ನಗುತ್ತಾ. ನಾನು ಚಾಚಿದೆ. ಅವನ ಕಣ್ಣು ತುಂಬಿತು. ನನ್ನ ಅಂಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, “ಬೇಡ ಮೇಷ್ಟ್ರೇ, ಕೂತ್ಕೊಳ್ಳಿ,” ಅಂದ. ಅವನಿಗೂ ಹೊಡೆದಿದ್ದೇನಂತೆ, ತುಂಬ ಸಲ. ನನಗೆ ನೆನಪೇ ಇಲ್ಲ. ಅವನಿಗೆ ಇದೆ.

ಬ್ವೀರೆ ಹೇಳುತ್ತಾನೆ, ನಿನಗೆ ಹೊಸದಾಗಿ ಕಲಿಯುವುದು ಏನೂ ಇಲ್ಲ, ಬಿಡುವುದಷ್ಟೇ ಇದೆ. ಹದಿನೈದು ದಿನ ಸಾಕು. ನವೆಂಬರಿನಲ್ಲಿ ಪರೀಕ್ಷೆಯಿದೆ. ನಾನು ಹೊತ್ತು ಎಣಿಸಲು ಕೂರಬಲ್ಲೆ, ನಿನಗೆ ಇಷ್ಟವಿದ್ದರೆ ಮಾತ್ರ. ಬಾಯಿ ಬಿಡುವುದಿಲ್ಲ.

ನ್ಯಾಮಿಜಿಗೆ ನನ್ನ ನೆನಪು ತಿಳಿಸು. ನೀನು ನಡೆಯುವ ದಾರಿಯಲ್ಲೆಲ್ಲ ದೇವರ ಕಣ್ಣು ನಿನ್ನ ಮೇಲಿರಲಿ.

ನಿನ್ನ ಅಪ್ಪ,
ಮಿಹಾಯೋ

ಮತ್ತೆ: ಕಾಗದ ಒಯ್ಯುವ ಪರ್ಪೆಟುವಾ ಬಾಗಿಲಲ್ಲಿ ನಿಂತು, ದೋಣಿ ತಪ್ಪುತ್ತೆ ಅಂತ ಕೂಗುತ್ತಿದ್ದಾಳೆ. ಪರೀಕ್ಷೆಯ ಅರ್ಜಿಯನ್ನೂ ಒಳಗಿಡಿ ಅಂದಳು ಅಮ್ಮ. ಇಟ್ಟೆ. ಅಂಟಿಸುವ ಮುಂಚೆ ಹೊರಗೆ ತೆಗೆದೆ. ಅದಿದ್ದರೆ ನಾನು ಪರೀಕ್ಷೆಗಾಗಿ ಈ ಕಾಗದ ಬರೆದೆ ಅಂದುಕೊಳ್ಳುತ್ತೀಯ. ನೀನು ಪರೀಕ್ಷೆ ಬರೆಯದಿದ್ದರೂ ಸರಿ, ಮೀನು ಮಾರಿಕೊಂಡೇ ಇದ್ದರೂ ಸರಿ. ಮನೆಗೆ ಬಾ.