ಕತ್ತರಿ ಕಡೆ

ಮಂಗಳವಾರ, ೧೪ ಮಾರ್ಚ್
ಮಧ್ಯಾಹ್ನ

ಪ್ರೀತಿಯ ಅಕ್ಕ,

ನಿನ್ನ ಎರಡು ಕಾಗದಗಳೂ ಬಂದು ಮೇಜಿನ ಮೇಲೆ ಕೂತಿವೆ. ಉತ್ತರ ಬರೆಯಲಿಲ್ಲ, ಬೈಯಬೇಡ. "ಪುಸ್ತಕ ಓದೋಕೆ ಪುರುಸೊತ್ತಿದೆ, ಅಕ್ಕನಿಗೆ ಎರಡು ಸಾಲು ಗೀಚೋಕೆ ಬರಗಾಲ" ಎಂದು ಭಾವನ ಹತ್ತಿರ ನೀನು ಗೊಣಗಿರುತ್ತೀಯ, ಗೊತ್ತು. ಭಾವನ ಮಂಡಿನೋವು ಹೇಗಿದೆ? ಮೆಟ್ಟಿಲಿಲ್ಲದ ಮನೆ ಸಿಕ್ಕಿದ್ದು ಒಳ್ಳೆಯದಾಯಿತು. ನಿನ್ನ ಕೈ ನಡುಕ ಕಡಿಮೆಯಾಗಿದೆ ಎಂದು ಬರೆದಿದ್ದೀಯ. ಬರೆದ ಅಕ್ಷರ ಬೇರೆಯೇ ಹೇಳುತ್ತಿದೆ.

ಹಲಗೆಗಳಿಗೆ ಪದರ ಹಾಕುವ ಕೋಣೆ ನೀನು ಬಿಟ್ಟುಹೋದ ಹಾಗೆಯೇ ಇದೆ. ಅದೇ ಅಂಟಿನ ವಾಸನೆ, ಅದೇ ಬಿಳಿ ಟೋಪಿಗಳು. ನಿನ್ನ ಜಾಗಕ್ಕೆ ಬಂದವನಿಗೆ ಹುಡುಗಿಯರು ಮಿಲಿಮೀಟರ್ ಅಂತ ಹೆಸರಿಟ್ಟಿದ್ದಾರೆ. ಚಹಾದ ಲೋಟವನ್ನೂ ಅಳತೆ ನೋಡಿ ಇಡುತ್ತಾನಂತೆ. ಒಳ್ಳೆಯವನು. "ನಿಮ್ಮಕ್ಕ ಕಣ್ಣಳತೇಲಿ ಮಾಡ್ತಿದ್ದದ್ದು ನನಗೆ ಸ್ಕೇಲ್ ಇಟ್ಟರೂ ಬರಲ್ಲ ಮೇಡಂ" ಅಂದ. "ಅವಳು ಹಲಗೆ ಜೊತೆ ಜಗಳ ಆಡ್ತಿದ್ದಳು. ನೀವು ಮರ್ಯಾದೆ ಕೊಡ್ತೀರಿ, ಅದಕ್ಕೇ" ಅಂದೆ.

ಊಟದ ಬಿಡುವಿನಲ್ಲಿ ನಿನ್ನ ಮೇಜಿನ ಪಕ್ಕ ಕೂತು ಪದ್ಯ ಓದುತ್ತಿದ್ದೆನಲ್ಲ, ಈಗ ಅಲ್ಲಿಗೆ ಹೋಗುವುದಿಲ್ಲ. "ನಿನ್ನ ಪದ್ಯಕ್ಕಿಂತ ನನ್ನ ಪದರ ವಾಸಿ ಕಣೆ. ಪದ್ಯಕ್ಕೆ ಓದಿದವರಿಗೆಲ್ಲ ಒಂದೊಂದು ಅರ್ಥ" ಎಂದು ನೀನು ಛೇಡಿಸುತ್ತಿದ್ದದ್ದು ನೆನಪಾಗುತ್ತದೆ. ಆಗ ನಗು ಬರುತ್ತಿತ್ತು.

ಈಗ ವಿಷಯ. "ನೀವಿಬ್ಬರೂ ಏನು ಮಾಡ್ತೀರೋ ಇಪ್ಪತ್ತೆರಡು ವರ್ಷದಿಂದ ನನಗೆ ತಿಳಿದಿಲ್ಲ" ಎನ್ನುವ ಭಾವನಿಗೂ ಇದನ್ನು ಓದಿ ಹೇಳು. ಅದಕ್ಕೇ ಬಿಡಿಸಿ ಬರೆಯುತ್ತೇನೆ.

ಬಾಹ್ಯಾಕಾಶಕ್ಕೆ ಹೋಗುವ ನಮ್ಮ ನೌಕೆಗೆ ಆರು ಹಲಗೆ. ಒಳಗಿನ ಯಂತ್ರಗಳ ಬಿಸಿಯನ್ನು ಹೊರಗೆ ಚೆಲ್ಲುವುದು ಅವುಗಳ ಕೆಲಸ. ಬಿಸಿಲಿಗೆ ಬಂದಾಗ ಕಾಯುತ್ತವೆ, ನೆರಳಿಗೆ ಹೋದಾಗ ಕೊರೆಯುತ್ತವೆ, ದಿನಕ್ಕೆ ಹದಿನೈದು ಹದಿನಾರು ಸಲ. ಆದರೂ ಡೊಂಕಾಗುವಂತಿಲ್ಲ. ಹಲಗೆಯೊಳಗೆ ಅಮೋನಿಯ ತುಂಬಿದ ಸಣ್ಣ ಕೊಳವೆಗಳಿವೆ. ಹಲಗೆ ಮತ್ತೆ ಮತ್ತೆ ತಿರುಚಿದರೆ ಅವು ಬಿರಿಯುತ್ತವೆ. ಆಮೇಲೆ ನೌಕೆ ತನ್ನ ಬಿಸಿಯಲ್ಲಿ ತಾನೇ ಬೇಯುತ್ತದೆ. ಕಡಲಿನ ಬಿರುಗಾಳಿಯನ್ನು ಎರಡು ದಿನ ಮೊದಲೇ ಕಂಡು ದೋಣಿಗಳಿಗೆ ತಿಳಿಸಬೇಕಾದ ಕಣ್ಣು ಅದು. ತಿರುಚುವ ಹಲಗೆಯಾದರೆ ನನ್ನ ಲೆಕ್ಕದಲ್ಲಿ ನಲವತ್ತು ದಿನ ತಾಳಬಹುದು.

ಹಲಗೆಗೆ ಎರಡು ಮುಖ, ನಡುವೆ ಜೇನುಗೂಡಿನಂಥ ತಿರುಳು. ಒಂದೊಂದು ಮುಖವೂ ಕಾರ್ಬನ್ ಎಳೆಗಳ ಪದರಗಳಿಂದ ಆದದ್ದು. ಮೇಜಿನ ಮೇಲೆ ಹಾಕುವಾಗ ಹೊರಮುಖದ ಮೊದಲ ಪದರ ಎಡಕ್ಕೆ ಓರೆಯಾದರೆ ಒಳಮುಖದ್ದು ಬಲಕ್ಕೆ ಓರೆಯಾಗಬೇಕು. ಆಗ ಬೆನ್ನಿಗೆ ಬೆನ್ನು ಅಂಟಿಸಿದಾಗ ಎರಡರ ಎಳೆತವೂ ಒಂದಾಗಿ ಹಲಗೆ ಸಮನಾಗಿ ನಿಲ್ಲುತ್ತದೆ. ಎರಡೂ ಎಡಕ್ಕೇ ಆದರೆ ಎರಡು ಎಡಗಾಲಿನ ಚಪ್ಪಲಿ ಮೆಟ್ಟಿಕೊಂಡ ಹಾಗೆ. ಮೇಜಿನ ಮೇಲೆ ಏನೂ ಗೊತ್ತಾಗುವುದಿಲ್ಲ. ಚಳಿ ಹತ್ತಿದಾಗ ಗೊತ್ತಾಗುತ್ತದೆ.

ಮೊದಲ ನಾಲ್ಕು ಹಲಗೆ ಪೂರ್ತಿ ನಿನ್ನ ಕೈಯವು. ಐದು ಮತ್ತು ಆರರ ಹೊರಮುಖ ಹಾಕಿ ನೀನು ನಿವೃತ್ತಳಾದೆ. ಅವೆರಡರ ಒಳಮುಖ ಮಿಲಿಮೀಟರ್ ಹಾಕಿದ. ಶೀತಕೋಣೆಯ ಪರೀಕ್ಷೆ ಆದದ್ದು ಮೊದಲನೆಯದಕ್ಕೆ ಮಾತ್ರ. ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಉಳಿದವಕ್ಕೆ 'ಅದರಂತೆಯೇ' ಎಂದು ಮುದ್ರೆ ಬಿತ್ತು.

ಆರನೆಯ ಹಲಗೆಯ ಅಂಚು ಕತ್ತರಿಸಿದಾಗ ಬಿದ್ದ ಅಂಗೈಯಗಲದ ತುಂಡೊಂದು ನನ್ನ ಮೇಜಿನ ಮೇಲಿತ್ತು. ಮೂರು ವಾರದ ಹಿಂದೆ ಬೇರೇನನ್ನೋ ಪರೀಕ್ಷಿಸುವಾಗ, ಜಾಗ ಖಾಲಿಯಿದೆಯಲ್ಲ ಎಂದು ಅದನ್ನೂ ಶೀತಕೋಣೆಯೊಳಗಿಟ್ಟೆ. ಗಾಜಿನ ಕಿಂಡಿಯಿಂದ ನೋಡುತ್ತಿದ್ದೆ. ಚಳಿ ಏರುತ್ತಿದ್ದ ಹಾಗೆ ಅದು ಒಂದು ಮೂಲೆಯನ್ನು ನಿಧಾನಕ್ಕೆ ಎತ್ತಿತು, ಮಲಗಿದ್ದವರು ಯಾರೋ ಕರೆದರೆಂದು ತಲೆ ಎತ್ತುವ ಹಾಗೆ. ಬೆಚ್ಚಗೆ ಮಾಡಿದೆ, ಮತ್ತೆ ಚಪ್ಪಟೆಯಾಗಿ ಮಲಗಿತು. ಮೂರು ಸಲ ಮಾಡಿದೆ ಅಕ್ಕ. ಮೂರು ಸಲವೂ ತಲೆ ಎತ್ತಿತು.

ಮಿಲಿಮೀಟರನನ್ನು ಕೇಳಿದೆ: "ಕತ್ತರಿ ಕಡೆ ಅಂದ್ರೆ ಯಾವ ಕಡೆ?"

ಅವನು ನಕ್ಕು ಬಲಗೈ ಎತ್ತಿದ. "ಕತ್ತರಿ ಹಿಡಿಯೋ ಕೈ ಕಡೆ. ಇನ್ಯಾವ್ದು ಮೇಡಂ, ಪರೀಕ್ಷೆ ಮಾಡ್ತಿದ್ದೀರಾ?"

ನೀನು ಎಡಚಿ. ನಿನ್ನ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಕತ್ತರಿ ಕಡೆ ಎಂದರೆ ಎಡ. ಪದರ ಹಾಕಲು ನಾನು ಬರೆದುಕೊಡುವ ನಕ್ಷೆಯಲ್ಲಿ 'ಹೊರಮುಖ: ಕತ್ತರಿ ಕಡೆ, ಒಳಮುಖ: ಎದುರು ಕಡೆ' ಎಂದಿತ್ತು. ಅವನಿಗೆ ಕತ್ತರಿ ಕಡೆ ಬಲ, ಹಾಗಾಗಿ ಎದುರು ಕಡೆ ಎಡ. ನೀನು ಎಡಕ್ಕೆ ಹಾಕಿದ್ದೆ, ಅವನೂ ಎಡಕ್ಕೇ ಹಾಕಿದ. ಇಬ್ಬರೂ ಬರೆದದ್ದನ್ನೇ ಮಾಡಿದಿರಿ. "ಪ್ಲಸ್ಸು ಮೈನಸ್ಸು ನಿಮ್ಮ ಆಫೀಸಿಗಿರಲಿ, ನಮಗೆ ಕತ್ತರಿ ಕಡೆ ಅಂತ ಬರಿ, ಸಾಕು" ಎಂದು ನೀನು ಅಂದದ್ದು ನಿಜ. ಆದರೆ ಎಂಟು ವರ್ಷ ಹಾಗೆ ಬರೆದವಳು ನಾನು. ಓರೆಯನ್ನು ಡಿಗ್ರಿಯಲ್ಲಿ ಬರೆಯಬೇಕೆನ್ನುವುದು ನನಗೆ ಗೊತ್ತಿಲ್ಲದ್ದಲ್ಲ.

ಮುಖ್ಯಸ್ಥರ ಹತ್ತಿರ ಆರನೆಯದರ ತುಂಡು ತೆಗೆದುಕೊಂಡು ಹೋದೆ. ಅವರು ಎದ್ದು ಬಾಗಿಲು ಹಾಕಿದರು.

"ಹಲಗೆ ಬದಲಾಯಿಸೋಣ. ಆದ್ರೆ ಕಾರಣ ಒಂದೇ ಸಾಲಲ್ಲಿ ಬೇಕು. ನಕ್ಷೆ ತಪ್ಪು ಅಂದ್ರೆ ನಿಮ್ಮ ಮೇಜಿಂದ ಹೋದ ಪ್ರತಿ ನಕ್ಷೆನೂ ಮತ್ತೆ ತೆಗೀಬೇಕಾಗುತ್ತೆ. ಉಡಾವಣೆ ವರ್ಷ ಮುಂದಕ್ಕೆ ಹೋಗುತ್ತೆ, ನೀವು ಮನೆಗೆ ಹೋಗ್ತೀರಿ. ಒಂದು ಹಲಗೆ, ಒಂದು ತಪ್ಪು, ಒಂದು ಸಾಲು."

"ಯಾವಾಗ ಬೇಕು ಸರ್?"

"ಚಹಾ ತರೋಕೆ ಹೇಳಿದ್ದೀನಿ. ಅದು ಬರೋದ್ರೊಳಗೆ."

ಚಹಾ ಬಂತು. ಸಾಲೂ ಬಂತು.

ಹೊಸ ಆರನೆಯ ಹಲಗೆಯ ಎರಡೂ ಮುಖವನ್ನು ಮಿಲಿಮೀಟರನೇ ಹಾಕಿದ. ಎರಡೂ ಒಂದೇ ಕೈಯವಾದ್ದರಿಂದ ಅದು ಸರಿಯಾಗಿದೆ. ಎಲ್ಲ ಆರೂ ಈಗ ನೌಕೆಯ ಮೈಮೇಲೆ ಕೂತಿವೆ. ಇಪ್ಪತ್ತಾರಕ್ಕೆ ಹೊರಡುತ್ತದೆ. ತುಂಡಿನಿಂದ ತಪ್ಪು ಹಿಡಿದೆ ಎಂದು ಕಾರಿಡಾರಿನಲ್ಲಿ ಎಲ್ಲರೂ ನನ್ನ ಕೈ ಕುಲುಕುತ್ತಾರೆ. ಕುಲುಕಿದ ಮೇಲೆ ಕೈ ತೊಳೆದುಕೊಂಡು ಬರುತ್ತೇನೆ. ಯಾಕೆಂದು ಕೇಳಬೇಡ.

ಔಷಧಿ ತಪ್ಪಿಸಬೇಡ. ಭಾವನಿಗೆ ನಮಸ್ಕಾರ ಹೇಳು. ನಿನ್ನ ಆಶೀರ್ವಾದ ಬೇಡಿ ಮುಗಿಸುವುದು ರೂಢಿ. ಈ ಸಲ ಕೇಳುವ ಧೈರ್ಯವಿಲ್ಲ. ನಿಮ್ಮಿಬ್ಬರಿಗೂ ಒಳ್ಳೆಯದಾಗಲಿ ಎಂದಷ್ಟೇ, ಚಿಕ್ಕವಳಾದರೂ, ನಾನೇ ಹರಸುತ್ತೇನೆ.

ನಿನ್ನ ತಂಗಿ

ತಾ.ಕ.: ಆ ಸಾಲು ಇದು: 'ಕೆಲಸಗಾರ್ತಿಯ ಕೊನೆಯ ದಿನ, ಕೈ ನಡುಕದಿಂದಾಗಿ, ಆರನೆಯ ಹಲಗೆಯ ಹೊರಮುಖದ ಪದರ ತಿರುವುಮುರುವಾಗಿದೆ.' ಕೆಳಗೆ ನನ್ನ ಸಹಿ. ನಿನ್ನ ಪದರ ಸರಿಯಾಗಿಯೇ ಇತ್ತು, ಅಕ್ಕ. ತಪ್ಪು ನಿನ್ನ ಕೊನೆಯ ದಿನದ್ದು ಎಂದಾದ್ದರಿಂದ ಅದಕ್ಕೂ ಹಿಂದಿನ ವಾರ ನೀನು ಹಾಕಿದ ಐದನೆಯದನ್ನು ಯಾರೂ ಮುಟ್ಟಲಿಲ್ಲ. ಅದೂ ಆರನೆಯದರಂತೆಯೇ ಎಂದು ಬಲ್ಲವಳು ನಾನೊಬ್ಬಳೇ. ಹೇಳಬೇಕೆಂದು ಮೂರು ದಿನ ಮುಖ್ಯಸ್ಥರ ಬಾಗಿಲವರೆಗೆ ಹೋಗಿ ಬಂದಿದ್ದೇನೆ. ಸೋಮವಾರ ಆಫೀಸಿನಿಂದ ಇಬ್ಬರು ಆ ಸಾಲಿನ ಕಾಗದ ಹಿಡಿದು ನಿನ್ನ ಮನೆಗೆ ಬರುತ್ತಾರೆ. ಬಲು ಮರ್ಯಾದೆಯಿಂದ ಮಾತಾಡುತ್ತಾರೆ, ಸುಮ್ಮನೆ ಒಂದು ಸಹಿ ಅನ್ನುತ್ತಾರೆ. 'ತಂಗಿ ಹಾಕಿದ್ದಾಳಲ್ಲ' ಎಂದು ನೀನು ಹಾಕಿಬಿಡುತ್ತೀಯ. ಹಾಕಬೇಡ. ಐದನೆಯದನ್ನು ಬಿಚ್ಚಿ ನೋಡಿ ಅನ್ನು. ಫೋನಿನಲ್ಲೇ ಹೇಳೋಣವೆಂದು ನಿನ್ನೆ ಮಾಡಿದ್ದೆ. "ಏನೇ, ಊಟ ಆಯ್ತಾ?" ಅಂದೆ ನೀನು. ಆಯ್ತು ಎಂದು ಇಟ್ಟುಬಿಟ್ಟೆ.