ಹುಳು ಸಾಕಲು ಕಲಿತ ತಮ್ಮನಿಗೆ

ಆವಲಪ್ಪ,

"ಮುದುಕಿ ಮೈ ಒರೆಸೋಕೂ ಟ್ರೈನಿಂಗು ಬೇಕೇನಕ್ಕ, ನಾಚ್ಕೆ ಆಗಲ್ವಾ?" ಅಂದೆಯಲ್ಲ, ನಾಚಿಕೆ ನಿನಗಾಗಬೇಕು. ನೀನು ರೇಷ್ಮೆ ಹುಳು ಸಾಕುವುದನ್ನು ಮೂರು ತಿಂಗಳು ಕಲಿತು ಬಂದಾಗ ಅಮ್ಮ ಊರಿಗೆಲ್ಲ ಬೆಲ್ಲ ಹಂಚಿದಳು. ಹುಳುವಿಗಿರುವ ಬೆಲೆ ಹೆತ್ತವಳಿಗಿಲ್ಲವೇ?

ನಾನು ರೋಗಿಗಳ ಆರೈಕೆ ಕಲಿಯಲು ಚಿಕ್ಕಬಳ್ಳಾಪುರಕ್ಕೆ ಹೊರಟಿದ್ದೇನೆ. ನೀನು ತೋಟದಿಂದ ಹುಳುವಿಗೆ ಸೊಪ್ಪು ತರುವವರೆಗೆ ಪಕ್ಕದ ಮನೆ ಓಬಳಮ್ಮ ಅಮ್ಮನ ಹತ್ತಿರ ಇರುತ್ತಾಳೆ. ಆಮೇಲೆ ನೀನೇ.

ಎರಡು ಗಂಟೆಗೊಮ್ಮೆ ಅಮ್ಮನ ಮಗ್ಗುಲು ಬದಲಿಸು. ಒಬ್ಬನೇ ಎಳೆಯಬೇಡ, ನಿನ್ನ ಹೆಂಡತಿಯೂ ಸೇರಿ ಎತ್ತಲಿ. ಗಂಜಿ ಕುಡಿಸುವಾಗ ಕೂರಿಸು. ಮಲಗಿಸಿ ಕುಡಿಸಿದರೆ ನೆತ್ತಿಗೇರುತ್ತದೆ. ಲಕ್ವ ಹೊಡೆದ ಮೇಲೆ ಅವಳ ಬಾಯಿಗೆ ತವರಿನ ತೆಲುಗೇ ಬರುವುದು. "ನೀಳ್ಳು" ಅಂದರೆ ಚಮಚದಲ್ಲಿ ನೀರು ಕೊಡು, ರೇಗಬೇಡ.

ಕಾಯಿಸಿ ಆರಿಸಿದ ನೀರಲ್ಲಿ ಬೆನ್ನಿನ ಹುಣ್ಣು ತೊಳೆ. ಬೂದಿ ಹಚ್ಚಬೇಡ. ಮೊದಲು ಹಚ್ಚಿದವಳು ನಾನೇ. ತಿಳಿಯದೆ ಹಚ್ಚಿದೆ, ಹುಣ್ಣು ಅಂಗೈಯಗಲ ಆಯಿತು. ಅವತ್ತು ಅವಳು ಕಿರುಚಿದ್ದು ನಿನಗೆ ಕೇಳಿಸಲಿಲ್ಲ, ನೀನು ಹುಳುವಿನ ಮನೆಯಲ್ಲಿದ್ದೆ. ನನಗೆ ಇನ್ನೂ ಕೇಳಿಸುತ್ತಿದೆ. ಅದಕ್ಕೇ ಹೋಗುತ್ತಿದ್ದೇನೆ.

"ಹೊಸ್ತಿಲು ದಾಟಿದ್ರೆ ಮತ್ತೆ ಬರ್ಬೇಡ" ಅಂದೆ. ಆಗಲಿ, ಬರುವುದಿಲ್ಲ. ಕಲಿತು ಕೆಲಸ ಹಿಡಿದ ಮೇಲೆ ಅಮ್ಮನನ್ನೇ ನನ್ನ ಹತ್ತಿರ ಕರೆಸಿಕೊಳ್ಳುತ್ತೇನೆ. ಆಗ ಅಡ್ಡ ಬಂದು ನೋಡು.

ಬಸ್ಸಿನ ಹತ್ತಿರ ಓಡಿ ಬರಬೇಡ. ನೀನು ಈ ಚೀಟಿ ಓದಿ ಮುಗಿಸುವಷ್ಟರಲ್ಲಿ ಅಮ್ಮನ ಮಗ್ಗುಲು ಬದಲಿಸುವ ಹೊತ್ತಾಗಿರುತ್ತದೆ.

ನಿನ್ನ ಅಕ್ಕ,
ಅಕ್ಕಯ್ಯಮ್ಮ